ಏಳು ಸಾವಿರ ಮೆಟ್ಟಿಲು, ಒಂದು ಬಿಳಿ ಹಾಳೆ

ನನ್ನ ಭಾನುವಾರದ ಚೀನೀ ತರಗತಿಯಲ್ಲಿ ಹೋದ ವರ್ಷ ಆರು ಜನ ಇದ್ದರು. ಎಲ್ಲರೂ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ಐದನೇ ಹಂತ ಮುಗಿಸಿದವರು. ಬೆಂಗಳೂರಲ್ಲೇ ಕೂತು ಚೀನೀ ಪತ್ರಿಕೆ ಓದುತ್ತಾರೆ, ಧಾರಾವಾಹಿ ನೋಡುತ್ತಾರೆ. "ಮೇಡಂ, ಹಳೇ ಚೀನೀ ಸ್ವಲ್ಪ ಓದೋಣ" ಅಂತ ಕೇಳಿದವರು ಅವರೇ. ನಮಗೆ ಹಳಗನ್ನಡ ಹೇಗೋ ಚೀನೀಯರಿಗೆ ವೆನ್‌ಯಾನ್, ಅಂದರೆ ಹಳೇ ಬರಹದ ಚೀನೀ, ಹಾಗೆ. ಅಕ್ಷರ ಗೊತ್ತಿರುತ್ತದೆ, ಅರ್ಥ ಕೈಗೆ ಸಿಗುವುದಿಲ್ಲ.

ನಾನು ಆರಿಸಿದ್ದು ಹದಿನೆಂಟನೇ ಶತಮಾನದ ಚೀನೀ ಲೇಖಕ ಯಾವ್ ನಾಯ್ ಬರೆದ, ಶಾಂಡಾಂಗ್ ಪ್ರಾಂತ್ಯದ ತೈಶಾನ್ ಬೆಟ್ಟ ಹತ್ತಿದ ಪ್ರಬಂಧ. ಐನೂರು ಅಕ್ಷರಕ್ಕಿಂತ ಕಡಿಮೆ. ಚೀನಾದ ಹೈಸ್ಕೂಲ್ ಮಕ್ಕಳ ಪಠ್ಯಪುಸ್ತಕದಲ್ಲೂ ಇದೆ. ಎರಡು ವಾರದಲ್ಲಿ ಮುಗಿಸಬಹುದು ಅಂದುಕೊಂಡೆ. ಆರು ವಾರ ಹಿಡಿಯಿತು.

ಮೊದಲ ವಾರ ಪೂರ್ತಿ ಹಾಳಾಯಿತು. ತಪ್ಪು ನನ್ನದೇ. ನನಗೆ ಪಾಠ ಹೇಳಿದವರು ಹೇಗೆ ಹೇಳಿದ್ದರೋ ನಾನೂ ಹಾಗೇ ಶುರು ಮಾಡಿದೆ. ಲೇಖಕ ಹುಟ್ಟಿದ್ದು ಎಲ್ಲಿ, ಅವನು ಸೇರಿದ್ದ ಥೋಂಗ್‌ಛೆಂಗ್ ಎಂಬ ಗದ್ಯ ಬರಹಗಾರರ ಪಂಥ ಅಂದರೆ ಏನು, ಒಳ್ಳೆಯ ಬರಹಕ್ಕೆ ತತ್ವ, ಪುರಾವೆ, ಭಾಷೆ ಮೂರೂ ಬೇಕು ಅಂತ ಅವನು ಹೇಳಿದ್ದು, ಇತ್ಯಾದಿ. ಆಮೇಲೆ ಮೊದಲ ವಾಕ್ಯವನ್ನು ಪದಪದ ಬಿಡಿಸಿದೆ. ಆರೂ ಜನ ತಲೆ ತಗ್ಗಿಸಿ ಬರೆದುಕೊಂಡರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಪ್ರಶ್ನೆ ಇಲ್ಲದ ತರಗತಿ ನನಗೆ ಭಯ ಹುಟ್ಟಿಸುತ್ತದೆ.

ಎರಡನೇ ವಾರ ಪುಸ್ತಕ ಮುಚ್ಚಿಸಿ ಎಲ್ಲರಿಗೂ ಒಂದೊಂದು ಬಿಳಿ ಹಾಳೆ, ಪೆನ್ಸಿಲ್ ಕೊಟ್ಟೆ. ಮೊದಲ ಪ್ಯಾರಾ ಮಾತ್ರ ನಿಧಾನವಾಗಿ ಓದಿದೆ. "ನಕ್ಷೆ ಬರೀರಿ" ಅಂದೆ.

ಆ ಪ್ಯಾರಾದಲ್ಲಿ ಇರುವುದು ಇಷ್ಟೇ. ತೈಶಾನ್‌ನ 'ಯಾಂಗ್' ಕಡೆ ವೆನ್ ನದಿ ಪಶ್ಚಿಮಕ್ಕೆ ಹರಿಯುತ್ತದೆ. 'ಯಿನ್' ಕಡೆ ಜೀ ನದಿ ಪೂರ್ವಕ್ಕೆ ಹರಿಯುತ್ತದೆ. ಒಂದು ಬದಿಯ ಕಣಿವೆಗಳ ನೀರೆಲ್ಲ ವೆನ್‌ಗೆ, ಇನ್ನೊಂದು ಬದಿಯದು ಜೀಗೆ. ನಡುವೆ ಗಡಿಯಂತೆ ಹಳೇ ಮಹಾಗೋಡೆ. ಗೋಡೆಯಿಂದ ದಕ್ಷಿಣಕ್ಕೆ 15 ಲೀ ದೂರದಲ್ಲಿ ಅತಿ ಎತ್ತರದ ರಿಗ್ವಾನ್, ಅಂದರೆ ಸೂರ್ಯನನ್ನು ನೋಡುವ ಶಿಖರ. ಒಂದು ಲೀ ಅಂದರೆ ಸುಮಾರು ಅರ್ಧ ಕಿಲೋಮೀಟರ್ ಅಂತಿಟ್ಟುಕೊಳ್ಳಿ.

ಆರು ಹಾಳೆಯಲ್ಲಿ ಆರು ಬೆಟ್ಟ. ಮೂವರು ವೆನ್ ನದಿಯನ್ನು ಉತ್ತರಕ್ಕೆ ಹಾಕಿದ್ದರು. ಅಲ್ಲಿಂದ ಜಗಳ ಶುರುವಾಯಿತು, ಪಾಠವೂ ಶುರುವಾಯಿತು. ಯಾಂಗ್ ಅಕ್ಷರದ ಎಡಗಡೆ ಇರುವುದು ದಿಬ್ಬ, ಬಲಗಡೆ ಸೂರ್ಯ. ಯಿನ್ ಅಂದರೆ ದಿಬ್ಬ ಮತ್ತು ಚಂದ್ರ. ಈಗಿನ ಸರಳ ಲಿಪಿಯಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬೆಟ್ಟಕ್ಕೆ ಬಿಸಿಲು ಬೀಳುವುದು ದಕ್ಷಿಣದ ಮೈ ಮೇಲೆ. ಹಾಗಾಗಿ ಬೆಟ್ಟದ ಯಾಂಗ್ ದಕ್ಷಿಣ. ನದಿಗೆ ಇದು ಉಲ್ಟಾ. ನದಿಯ ಉತ್ತರ ದಂಡೆಯೇ ಬಿಸಿಲಿಗೆ ಮುಖ ಮಾಡಿರುತ್ತದೆ, ಅದಕ್ಕೆ ಲುವೊ ನದಿಯ ಉತ್ತರಕ್ಕಿರುವ ಊರು ಲುವೊಯಾಂಗ್. ಇದನ್ನು ಮೊದಲ ವಾರ ನಾನು ಬೋರ್ಡಿನ ಮೇಲೆ ಬರೆದಿದ್ದೆ! ಯಾರ ತಲೆಗೂ ಹೋಗಿರಲಿಲ್ಲ. ತಾವೇ ತಪ್ಪು ಬರೆದು ಅಳಿಸಿದ ಮೇಲೆ ಯಾರೂ ಮರೆಯಲಿಲ್ಲ.

ಡಾಕ್ಟರ್ ಒಬ್ಬಾಕೆ ಇದ್ದಳು, ಶಾಂಡಾಂಗ್ ಪ್ರಾಂತ್ಯದಲ್ಲೇ ಎಂಬಿಬಿಎಸ್ ಓದಿ ಬಂದವಳು. ಫೋನಿನಲ್ಲಿ ನಕ್ಷೆ ತೆಗೆದು, "ಜೀ ನದಿ ಎಲ್ಲೂ ಇಲ್ಲ ಮೇಡಂ. ಅಲ್ಲಿರೋದು ಹಳದಿ ನದಿ" ಅಂದಳು. ಸರಿಯೇ. ಹಳದಿ ನದಿ 1855ರಲ್ಲಿ ದಂಡೆ ಒಡೆದು ದಾರಿ ಬದಲಿಸಿ ಜೀ ನದಿಯ ಹಳೆಯ ಪಾತ್ರಕ್ಕೆ ನುಗ್ಗಿತು. ಯಾವ್ ನಾಯ್ ಬರೆದು ಎಂಬತ್ತು ವರ್ಷದ ಮೇಲೆ ಆದದ್ದು ಇದು. ನದಿ ಹೋಯಿತು, ಹೆಸರು ಉಳಿಯಿತು. ಅವಳು ಓದಿದ ಊರೇ ಜೀನಾನ್, ಅಂದರೆ ಜೀ ನದಿಯ ದಕ್ಷಿಣ. ಐದು ವರ್ಷ ಆ ಊರಲ್ಲಿದ್ದೂ ಇದು ಹೊಳೆದಿರಲಿಲ್ಲವಂತೆ.

ಮಹಾಗೋಡೆ ಅಂದಕೂಡಲೇ ಎಲ್ಲರ ಕಣ್ಣಿಗೆ ಬರುವುದು ಬೀಜಿಂಗ್ ಪಕ್ಕದ್ದು. ಇದು ಅದಲ್ಲ. ಅದಕ್ಕಿಂತ ಎಷ್ಟೋ ಹಳೆಯದಾದ, ಛೀ ರಾಜ್ಯದವರು ಕಟ್ಟಿಸಿದ ಗೋಡೆ. ಅಷ್ಟು ಹೇಳಿ ಮುಂದೆ ಹೋದೆ.

ಎರಡನೇ ಪ್ಯಾರಾದಲ್ಲಿ ಮನುಷ್ಯ ಬರುತ್ತಾನೆ. ಚೀನೀ ಲೆಕ್ಕದಲ್ಲಿ ಛ್ಯೆನ್‌ಲೋಂಗ್ ದೊರೆಯ 39ನೇ ವರ್ಷ, 12ನೇ ತಿಂಗಳು. ರಾಜಧಾನಿಯಿಂದ ಗಾಳಿ ಹಿಮ 'ಏರಿಕೊಂಡು' ಹೊರಟು ತೈಆನ್ ಊರಿಗೆ ಬಂದ. ಅಲ್ಲಿನ ಅಧಿಕಾರಿ, ಗೆಳೆಯ ಝು ಶ್ಯಾವ್‌ಛುನ್ ಜೊತೆ ದಕ್ಷಿಣದ ಬುಡದಿಂದ ಹತ್ತಿದ. 45 ಲೀ ದಾರಿ, ಉದ್ದಕ್ಕೂ ಕಲ್ಲಿನ ಮೆಟ್ಟಿಲು, ಏಳು ಸಾವಿರಕ್ಕೂ ಹೆಚ್ಚು. ಮಂಜು ಕವಿದಿತ್ತು, ಹಿಮ ಜಾರುತ್ತಿತ್ತು, ಹತ್ತಲು ಆಗುವುದೇ ಇಲ್ಲವೇನೋ ಅನ್ನುವ ಹಾಗಿತ್ತು. ಮೇಲೆ ಹೋದ ಮೇಲೆ ಎಂಟು ಅಕ್ಷರದ ಒಂದು ವಾಕ್ಯ: ತ್ಸಾಂಗ್ ಶಾನ್ ಫು ಶ್ಯುವೆ, ಮಿಂಗ್ ಝು ಥ್ಯೆನ್ ನಾನ್.

ಈ ಎಂಟಕ್ಕೆ ಒಂದು ಇಡೀ ಭಾನುವಾರ ಕೊಟ್ಟೆ. ಕಪ್ಪು ಹಸಿರು ಬೆಟ್ಟ ಹಿಮವನ್ನು ಬೆನ್ನ ಮೇಲೆ ಹೊತ್ತಿದೆ, ಅದರ ಬೆಳಕು ದಕ್ಷಿಣದ ಆಕಾಶವನ್ನು... ಇಲ್ಲಿ ಎಲ್ಲರೂ ನಿಂತರು. 'ಝು' ಅಂದರೆ ಮೇಣದ ಬತ್ತಿ. ಬತ್ತಿ ಎಂಬ ಹೆಸರು ಇಲ್ಲಿ ಕೆಲಸ ಮಾಡುತ್ತಿದೆ, ಕ್ರಿಯಾಪದ ಆಗಿದೆ. ಇದನ್ನು ವ್ಯಾಕರಣದ ಮಾತಲ್ಲಿ ಹೇಳಲು ಹೋಗಿ ಹಿಂದೆ ಎಷ್ಟೋ ಸಲ ಸೋತಿದ್ದೇನೆ. ಈ ಸಲ ಕನ್ನಡ ಕೈ ಹಿಡಿಯಿತು. "ಬೆಳಗು ಅಂದರೆ ಏನು?" ಅಂತ ಕೇಳಿದೆ. ಬೆಳಗ್ಗೆ ಅಂದ ಒಬ್ಬ. ದೀಪ ಬೆಳಗು ಅಂದ ಇನ್ನೊಬ್ಬ. ಒಂದೇ ಪದ, ಜಾಗ ನೋಡಿಕೊಂಡು ಹೆಸರೂ ಆಗುತ್ತದೆ, ಕೆಲಸವೂ ಆಗುತ್ತದೆ. ಅಷ್ಟೇ ಸಾಕಾಯಿತು. ಹಿಮ ದಕ್ಷಿಣದ ಆಕಾಶವನ್ನು ಬೆಳಗಿತು.

ಆಮೇಲೆ ಬರುವ 'ಹ್ವೇ' ಎಂಬ ಒಂದು ಅಕ್ಷರದ ಬಗ್ಗೆ ಹೇಳಲೇಬೇಕು. ತಿಂಗಳ ಕೊನೆಯ ದಿನ ಅಂತ ನಿಘಂಟು ಹೇಳುತ್ತದೆ. ಚೀನೀ ತಿಂಗಳೂ ನಮ್ಮ ಹಾಗೇ ಚಂದ್ರನನ್ನು ನೋಡಿ ನಡೆಯುತ್ತದೆ, ಅಮಾವಾಸ್ಯೆಯ ಹೊತ್ತಿಗೆ ಮುಗಿಯುತ್ತದೆ. ತರಗತಿಯಲ್ಲಿದ್ದ ಪಟ್ನಾದ ಹುಡುಗ ಒಪ್ಪಲಿಲ್ಲ. ಅವರ ಕಡೆ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಹಾಗಾಗಿ ಅವನ ಕಲ್ಪನೆಯಲ್ಲಿ ಯಾವ್ ನಾಯ್ ಬೆಳದಿಂಗಳಲ್ಲಿ ಕೂತಿದ್ದ! ಅಲ್ಲಪ್ಪಾ, ಕಗ್ಗತ್ತಲು. ಐದನೇ ಜಾವ, ಅಂದರೆ ಬೆಳಗಿನ ಮೂರರಿಂದ ಐದು ಗಂಟೆ. ಗಾಳಿ ಬಿದ್ದ ಹಿಮವನ್ನು ಎಬ್ಬಿಸಿ ಮುಖಕ್ಕೆ ಹೊಡೆಯುತ್ತಿದೆ.

"ತಡೀರಿ, 12ನೇ ತಿಂಗಳ ಕೊನೇ ದಿನ ಅಂದ್ರೆ ವರ್ಷದ ಕೊನೇ ದಿನ ಅಲ್ವಾ?" ಅಂತ ಸಾಫ್ಟ್‌ವೇರಿನ ಹುಡುಗಿ ಕೇಳಿದಳು. ಹೌದು. ನಮ್ಮ ಲೆಕ್ಕದಲ್ಲಿ ನಾಳೆ ಯುಗಾದಿ ಅನ್ನುವಂಥ ದಿನ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ 1775ರ ಜನವರಿ ಕೊನೆ. ಚೀನಾದಲ್ಲಿ ಆ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ಪ್ರಬಂಧದಲ್ಲಿ ಹಬ್ಬದ ಮಾತೇ ಇಲ್ಲ. ತಾರೀಖು ಮಾತ್ರ ಇದೆ.

"ಇವನಿಗೆ ಮನೆ ಮಠ ಇರಲಿಲ್ವಾ?"

ಮೊದಲ ವಾರ ನಾನು ಸುಮ್ನೆ ಸುರಿದಿದ್ದ ಜೀವನಚರಿತ್ರೆಯನ್ನು ಈಗ ಅವರೇ ಕೇಳುತ್ತಿದ್ದರು. ಹೇಳಿದೆ. ಸಾಮ್ರಾಜ್ಯದ ಪುಸ್ತಕಗಳನ್ನೆಲ್ಲ ಒಟ್ಟು ಮಾಡುವ ಸಿಕು ಛ್ವಾನ್‌ಶು ಎಂಬ ದೊಡ್ಡ ಕೆಲಸದಲ್ಲಿ ಅವನು ಸಂಪಾದಕನಾಗಿದ್ದ. ಆಗಷ್ಟೇ ಅದನ್ನು ಬಿಟ್ಟು ಬಂದಿದ್ದ. ವಯಸ್ಸು ನಲವತ್ತು ದಾಟಿತ್ತು. ಮತ್ತೆ ಸರ್ಕಾರಿ ಕೆಲಸಕ್ಕೆ ಹೋಗಲಿಲ್ಲ, ಮುಂದಿನ ಸುಮಾರು ನಲವತ್ತು ವರ್ಷ ಪಾಠ ಹೇಳಿಕೊಂಡೇ ಇದ್ದ. ಸೂರ್ಯೋದಯ ಅಂದರೆ ಅವನ ಹೊಸ ಬದುಕು ಅಂತ ವಿವರಿಸುವವರಿದ್ದಾರೆ. ನನಗೆ ಅದು ಅಷ್ಟು ರುಚಿಸುವುದಿಲ್ಲ. ಅವನು ಬಾಯಿ ಬಿಡದ್ದನ್ನು ನಾವು ಯಾಕೆ ಅವನ ಬಾಯಿಗೆ ತುರುಕಬೇಕು?

ಮೋಡದ ನಡುವೆ ಬಿಳಿಯ ಛೂಪೂ ಕಾಯಿಗಳು ಹತ್ತಾರು ನಿಂತ ಹಾಗೆ ಕಂಡವಂತೆ, ನೋಡಿದರೆ ಬೆಟ್ಟಗಳು. ಛೂಪೂ ಹಳೆಯ ಜೂಜಾಟ. ನಾನು ಅಜ್ಜಿಯ ಪಗಡೆ ದಾಳ ತಂದು ಹತ್ತಿಯ ನಡುವೆ ನೆಟ್ಟಗೆ ನಿಲ್ಲಿಸಿದೆ. ಎರಡೂ ಒಂದೇ ಅಲ್ಲ ಅಂತ ಹೇಳಿಯೇ ತೋರಿಸಿದೆ. ಆದರೂ ಮೋಡದಿಂದ ತುದಿ ಮಾತ್ರ ಎದ್ದ ಬೆಟ್ಟ ಹೇಗಿರುತ್ತದೆ ಅಂತ ಗೊತ್ತಾಯಿತು.

ಸೂರ್ಯ ಮೇಲೆ ಬರುತ್ತಾನೆ, ಇಂಗಳೀಕದ ಕೆಂಪು. ಕೆಳಗೆ ಕೆಂಪು ಬೆಳಕು ಅಲುಗಾಡುತ್ತಾ ಅವನನ್ನು ಎತ್ತಿ ಹಿಡಿದಿದೆ. 'ಅದು ಪೂರ್ವ ಸಮುದ್ರ ಅಂತ ಯಾರೋ ಹೇಳುತ್ತಾರೆ' ಎಂದು ಬರೆಯುತ್ತಾನೆ. ಯಾರೋ ಹೇಳುತ್ತಾರೆ! ಪಟ್ನಾದ ಹುಡುಗ ಎಂಜಿನಿಯರ್, ಅಲ್ಲೇ ಲೆಕ್ಕ ಹಾಕಿದ. 1,500 ಮೀಟರ್ ಎತ್ತರದಿಂದ ಕಣ್ಣಿಗೆ ಕಾಣುವ ಅಂಚು ಸುಮಾರು 140 ಕಿಲೋಮೀಟರ್. ಸಮುದ್ರ ಇರುವುದು ಸುಮಾರು 200 ಕಿಲೋಮೀಟರ್ ಆಚೆ. ಯಾವ್ ನಾಯ್ ಲೆಕ್ಕ ಹಾಕಿದ್ದನೋ ಇಲ್ಲವೋ, ಸಮುದ್ರ ಕಂಡೆ ಅಂತ ಮಾತ್ರ ಬರೆಯಲಿಲ್ಲ.

ಕೊನೆಯ ಪ್ಯಾರಾವನ್ನು ಚುಕ್ಕಿ, ಅಲ್ಪವಿರಾಮ ಒಂದೂ ಇಲ್ಲದೆ ಪ್ರಿಂಟ್ ಮಾಡಿ ಕೊಟ್ಟೆ. ಹಿಂದೆ ಎಲ್ಲವೂ ಹಾಗೇ ಇರುತ್ತಿತ್ತು. ಹೆದರಿದರು. ಆದರೆ ಈ ಪ್ಯಾರಾ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಲ್ಲು ಜಾಸ್ತಿ, ಮಣ್ಣು ಕಮ್ಮಿ. ಚಪ್ಪಟೆ ಚೌಕ ಜಾಸ್ತಿ, ದುಂಡಗಿನವು ಕಮ್ಮಿ. ಬೇರೆ ಮರ ಕಮ್ಮಿ, ಪೈನ್ ಜಾಸ್ತಿ. ಜಲಪಾತ ಇಲ್ಲ, ಹಕ್ಕಿ ಪ್ರಾಣಿಯ ಸದ್ದಿಲ್ಲ, ಹೆಜ್ಜೆ ಗುರುತಿಲ್ಲ. ಹಿಮ ಮೊಣಕಾಲಿನವರೆಗೆ. ಜಾಸ್ತಿ, ಕಮ್ಮಿ, ಇಲ್ಲ ಎಂಬ ಮೂರು ಅಕ್ಷರ ಹಿಡಿದುಕೊಂಡರೆ ವಾಕ್ಯ ತಾನೇ ಮುರಿಯುತ್ತದೆ. ಹತ್ತು ನಿಮಿಷದಲ್ಲಿ ಐವರು ಸರಿಯಾಗಿ ಮುರಿದರು. ಗಟ್ಟಿಯಾಗಿ ಓದಿಸಿದೆ. ಚಳಿ ಎಂಬ ಪದ ಒಂದು ಸಲವೂ ಬರುವುದಿಲ್ಲ, ಓದಿ ಮುಗಿಸುವಾಗ ಮೈ ಜುಂ ಅನ್ನುತ್ತದೆ.

ಮನೆಗೆಲಸ: ನೀವು ಹತ್ತಿದ ಒಂದು ಬೆಟ್ಟದ ಬಗ್ಗೆ ನೂರು ಅಕ್ಷರದಲ್ಲಿ ಬರೆಯಿರಿ. ಸುಂದರ, ಖುಷಿ, ಅದ್ಭುತ ಇವೆಲ್ಲ ಬೇಡ. ಎಲ್ಲಿಗೆ ಹೋಗಲಿಲ್ಲ ಅನ್ನುವುದನ್ನೂ ಬರೆಯಬೇಕು. ಯಾಕೆಂದರೆ ಯಾವ್ ನಾಯ್ ಪೂರ್ವದ ಕಣಿವೆಯ ಹಳೇ ದಾರಿಯ ವಿಷಯ ಹೇಳಿ, ಪಕ್ಕದಲ್ಲೇ 'ಯೂ ಸುವೊ ಬು ಝಿ ಯೆ' ಅಂತ ಬರೆಯುತ್ತಾನೆ. ಅಂದರೆ, 'ನಾನು ಹೋಗದ ಜಾಗ ಅದು'.

ಒಬ್ಬ ನಂದಿಬೆಟ್ಟದ ಬಗ್ಗೆ ಬರೆದ. ಮೋಡ ಇತ್ತು, ಸೂರ್ಯ ಕಾಣಲಿಲ್ಲ, ಪಾರ್ಕಿಂಗ್‌ಗೆ ಒಂದು ಗಂಟೆ. ಅವನಿಗೆ ಪೂರ್ತಿ ಅಂಕ ಕೊಟ್ಟೆ. ಡಾಕ್ಟರ್ ಬರೆದದ್ದು ತೈಶಾನ್ ಬಗ್ಗೆಯೇ. ಓದುವಾಗ ಅವಳು ಅಲ್ಲಿಗೆ ಹೋಗಿದ್ದಳಂತೆ. ಇಷ್ಟು ವಾರ ಬಾಯಿ ಬಿಟ್ಟಿರಲಿಲ್ಲ. ಯಾಕೆ ಅಂತ ಹಾಳೆ ನೋಡಿದ ಮೇಲೆ ತಿಳಿಯಿತು. ಅರ್ಧ ದಾರಿ ಬಸ್ಸು, ಅಲ್ಲಿಂದ ಕೇಬಲ್ ಕಾರ್. ಕೊನೆಯ ಸಾಲಿನಲ್ಲಿ ಹೀಗಿತ್ತು: ಮೆಟ್ಟಿಲು ಏಳು ಸಾವಿರಕ್ಕೂ ಹೆಚ್ಚು, ಯೂ ಸುವೊ ಬು ಝಿ ಯೆ.