ದಿಲ್ಲಿಯ ಜನವರಿಯಲ್ಲಿ 500 ಮಿಲಿಬಾರ್ ಎತ್ತರ ಲೆಕ್ಕ ಹಾಕುತ್ತಿದ್ದಾಗ

1980ರ ದಶಕದ ಕೊನೆಯಲ್ಲಿ ಹವಾಮಾನ ಇಲಾಖೆಯ ಕೆಲಸಕ್ಕೆಂದು ದಿಲ್ಲಿಗೆ ಹೋದೆ. ನಾನು ಹಾಸನದ ಕಡೆಯವನು, ಅಂಥ ಚಳಿ ಕಂಡಿರಲಿಲ್ಲ. ನಸುಕಿನ ಐದರೊಳಗೆ ಬಲೂನಿಗೆ ಹೈಡ್ರೋಜನ್ ತುಂಬಿಸಿ, ಕೆಳಗೆ ರೇಡಿಯೋಸಾಂಡ್ ಪೆಟ್ಟಿಗೆ (ಮೇಲಿನ ಗಾಳಿಯನ್ನು ಅಳೆದು ರೇಡಿಯೋದಲ್ಲಿ ಕಳಿಸುವ ಉಪಕರಣ) ಕಟ್ಟಿ ಬಿಡಬೇಕು. ಮಂಜಿದ್ದರೆ ಕೈಬಿಟ್ಟ ಕೂಡಲೇ ಬಲೂನು ಮಾಯ. ಆಮೇಲೆ ಒಳಗೆ ಕೂತು, ಅದು ಕಳಿಸಿದ ಉಷ್ಣಾಂಶವನ್ನು ಗ್ರಾಫ್ ಹಾಳೆಗೆ ಹಾಕಿ, ಯಾವ ಒತ್ತಡ ಎಷ್ಟು ಎತ್ತರದಲ್ಲಿದೆ ಎಂದು ಕೈಲೆಕ್ಕ ಮಾಡಬೇಕು.

ಒಂದು ಬೆಳಗ್ಗೆ ಹೊರಗೆ 4 ಡಿಗ್ರಿ. ಬೆರಳು ಮರಗಟ್ಟಿತ್ತು. ಇಷ್ಟು ಚಳಿ ಇದೆ ಅಂದಮೇಲೆ 500 ಮಿಲಿಬಾರ್ ಮಟ್ಟ, ಅಂದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧಕ್ಕೆ ಇಳಿಯುವ ಎತ್ತರ, ಚೆನ್ನಾಗಿ ಕೆಳಗೆ ಬಂದಿರುತ್ತದೆ ಅಂದುಕೊಂಡೆ. ಲೆಕ್ಕ ಮುಗಿಸಿದರೆ 5,720 ಮೀಟರ್. ಹಿಂದಿನ ದಿನಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ!

ಗ್ರಾಫ್ ಮತ್ತೆ ನೋಡಿದಾಗ ಕಾರಣ ಸಿಕ್ಕಿತು. ಆ ಚಳಿ ಇದ್ದದ್ದು ನೆಲಕ್ಕಂಟಿದ 300 ಮೀಟರ್‌ನಲ್ಲಿ ಮಾತ್ರ. ಅದರ ಮೇಲೆ ಗಾಳಿ ಬೆಚ್ಚಗೇ ಇತ್ತು. 300 ಮೀಟರ್ ದಪ್ಪದ ಪದರ 8 ಡಿಗ್ರಿ ತಣ್ಣಗಾದರೆ ಕುಗ್ಗುವುದು ಎಂಟೊಂಬತ್ತು ಮೀಟರ್ ಅಷ್ಟೇ. ನಮ್ಮ ಮೈಗೆ ತಗಲುವ ಚಳಿ ಬೇರೆ, ಇಡೀ ಗಾಳಿಯ ಕಂಬದ ಚಳಿ ಬೇರೆ ಎಂದು ನನಗೆ ಗೊತ್ತಾದದ್ದು ಆವತ್ತು.

ಲೆಕ್ಕ ಹೀಗೆ. 700 ಮಿಲಿಬಾರ್‌ನಿಂದ 500ರವರೆಗಿನ ಪದರ ತಗೊಳ್ಳಿ. ಒಂದು ಚದರ ಮೀಟರ್ ನೆಲದ ಮೇಲೆ ಆ ಪದರದಲ್ಲಿ ಸುಮಾರು ಎರಡು ಟನ್ ಗಾಳಿ ಇರುತ್ತದೆ. ಬಿಸಿ ಇರಲಿ, ತಣ್ಣಗಿರಲಿ, ತೂಕ ಅಷ್ಟೇ. ತಣ್ಣಗಾದರೆ ಅದೇ ಎರಡು ಟನ್ ಕಡಿಮೆ ಜಾಗದಲ್ಲಿ ಅಡಕವಾಗಿ ಕೂರುತ್ತದೆ. ಈ ಪದರದ ಸರಾಸರಿ ಉಷ್ಣಾಂಶವನ್ನು ಕೆಲ್ವಿನ್‌ಗೆ ತಂದು (ಸೆಲ್ಸಿಯಸ್‌ಗೆ 273 ಕೂಡಿಸಿ) 9.85ರಿಂದ ಗುಣಿಸಿದರೆ ಮೀಟರ್‌ನಲ್ಲಿ ದಪ್ಪ ಬರುತ್ತದೆ. ಆ ದಿನ ಸರಾಸರಿ ಮೈನಸ್ 8, ಅಂದರೆ 265 ಕೆಲ್ವಿನ್. ದಪ್ಪ 2,610 ಮೀಟರ್. ಕೆಳಗಿನ ಪದರಗಳನ್ನೂ ಹೀಗೇ ಕೂಡಿಸುತ್ತಾ ಬಂದು 700ರ ಎತ್ತರ 3,110 ಅಂತ ಸಿಕ್ಕಿತ್ತು, ಎರಡೂ ಸೇರಿ 5,720. ತೇವಾಂಶಕ್ಕೂ ಸ್ವಲ್ಪ ತಿದ್ದುಪಡಿ ಇದೆ, ಆದರೆ ದಿಲ್ಲಿಯ ಚಳಿಗಾಲದ ಒಣ ಗಾಳಿಯಲ್ಲಿ ಅದು ತೀರಾ ಕಡಿಮೆ.

ಅದಾಗಿ ಕೆಲವು ದಿನಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ (ಚಳಿಗಾಲದಲ್ಲಿ ಪಶ್ಚಿಮದಿಂದ ಮೋಡ, ಮಳೆ ತರುವ ವಾಯುಭಾರ ಕುಸಿತ) ಬಂತು. ಮೋಡ ಕವಿದಿದ್ದರಿಂದ ರಾತ್ರಿ ನೆಲದ ಹತ್ತಿರ ಚಳಿಯೇ ಇಲ್ಲ, ಸ್ವೆಟರ್ ಒಂದೇ ಸಾಕಾಯಿತು. ಮೇಲೆ ಮಾತ್ರ 700ರಿಂದ 500ರ ಪದರದ ಸರಾಸರಿ ಮೈನಸ್ 13ಕ್ಕೆ ಇಳಿದಿತ್ತು. ಆ ಒಂದೇ ಪದರದಲ್ಲಿ 49 ಮೀಟರ್ ಕಡಿಮೆ. 1000ದಿಂದ 500ರವರೆಗೆ ಇಡೀ ಕಂಬ ಸರಾಸರಿ 5 ಡಿಗ್ರಿ ತಣ್ಣಗಾದರೆ ನೂರು ಮೀಟರ್ ಹೋಗುತ್ತದೆ.

ಅದೇ ವಾರ ಒಂದು ತಪ್ಪೂ ಮಾಡಿದೆ. ಮೈನಸ್ ಎಂಟರ ಮೈನಸ್ ಬಿಟ್ಟು ಬರೆದುಬಿಟ್ಟೆ. 16 ಡಿಗ್ರಿ ಜಾಸ್ತಿ, ಎತ್ತರ 150 ಮೀಟರ್‌ಗಿಂತ ಜಾಸ್ತಿ. ನಕ್ಷೆ ಬಿಡಿಸುತ್ತಿದ್ದ ಹಿರಿಯರು ಫೋನ್ ಮಾಡಿದರು. "ಪಟಿಯಾಲಾ, ಜೋಧಪುರ ಎರಡೂ ಕೆಳಗಿವೆ, ನಡುವೆ ನಿಮ್ಮದೊಂದೇ ಹೇಗೆ ಮೇಲಿದೆ? ಇನ್ನೊಮ್ಮೆ ನೋಡಿ." ಅಂದಿನಿಂದ ಪ್ರತಿ ಪದರಕ್ಕೂ ಚಿಹ್ನೆಯನ್ನು ಕೆಂಪು ಪೆನ್ಸಿಲ್‌ನಲ್ಲಿ ಬರೆಯುವ ರೂಢಿ ಮಾಡಿಕೊಂಡೆ.

ಮಧ್ಯಾಹ್ನ ಬಿಡುವಿದ್ದಾಗ ಬೆಂಗಳೂರಿನ ಸಂಖ್ಯೆ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಊರಿನ ನೆನಪಿಗೆ ಶುರು ಮಾಡಿದ್ದು, ಆಮೇಲೆ ಬಿಡಲಾಗಲಿಲ್ಲ. ಸಮುದ್ರಮಟ್ಟಕ್ಕೆ ಇಳಿಸಿ ನೋಡಿದರೆ ಜನವರಿಯಲ್ಲಿ ದಿಲ್ಲಿಯ ಒತ್ತಡವೇ ಜಾಸ್ತಿ. 500ಕ್ಕೆ ಹೋದರೆ ತಿರುಗಾಮುರುಗಾ. ಬೆಂಗಳೂರಿನ ಮೇಲೆ ಅದು 5,850ರ ಆಸುಪಾಸು, ದಿಲ್ಲಿಯಲ್ಲಿ 5,700 ಚಿಲ್ಲರೆ. ತಣ್ಣನೆಯ ಗಾಳಿಯಲ್ಲಿ ಮೇಲೇರಿದಂತೆ ಒತ್ತಡ ಬೇಗ ಬೇಗ ಇಳಿಯುತ್ತದಲ್ವಾ, ಅದಕ್ಕೇ ದಿಲ್ಲಿ ಹಿಂದೆ ಬೀಳುತ್ತದೆ. ಪದರ ಪದರವಾಗಿ ಮೇಲೆ ಹೋದಂತೆ ಈ ಅಂತರ ಬೆಳೆಯುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಹೀಗೆ ಇಳಿಜಾರು ಇರುವಾಗ, ಭೂಮಿ ತಿರುಗುವುದರಿಂದ ಗಾಳಿ ನೇರ ಉತ್ತರಕ್ಕೆ ಹೋಗದೆ ಬಲಕ್ಕೆ ಹೊರಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. 12 ಕಿಲೋಮೀಟರ್ ಎತ್ತರದಲ್ಲಿ ಅದೇ ಜೆಟ್ ಸ್ಟ್ರೀಮ್, ನೂರು ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ದಾಟಿದ ಗಾಳಿ. ಮಂಜು ಇಲ್ಲದ ದಿನ ಸಂಜೆ ಬಿಟ್ಟ ಬಲೂನು ಪೂರ್ವಕ್ಕೆ ವಾಲುತ್ತಾ ವಾಲುತ್ತಾ ಯಮುನೆಯ ಆಚೆ ಚುಕ್ಕಿಯಾಗುವುದನ್ನು ನಾನು ಕತ್ತು ನೋಯುವವರೆಗೂ ನೋಡುತ್ತಿದ್ದೆ.