ಅಂಡಮಾನಿಗೆ ಹೊರಟಿದ್ದೀರಾ? ಕೊನೆಯ ದಿನ ಖಾಲಿ ಇಟ್ಟುಕೊಳ್ಳಿ

ಅಂಡಮಾನಿಗೆ ಹೋಗಬೇಕು ಅಂದ ತಕ್ಷಣ ನಮ್ಮ ಮನೆಯ ಹುಡುಗರು ಐದು ದಿನಕ್ಕೆ ಹತ್ತು ಜಾಗ ಬರೆದುಕೊಂಡು ಬರುತ್ತಾರೆ. ನಾನು ಅದರಲ್ಲಿ ಅರ್ಧ ಹೊಡೆದು ಹಾಕುತ್ತೇನೆ. ಕೊನೆಯ ದಿನದ ಮುಂದೆ ‘ಏನೂ ಇಲ್ಲ’ ಅಂತ ಬರೆಯುತ್ತೇನೆ. ಮುಖ ಊದಿಸಿಕೊಳ್ಳುತ್ತಾರೆ, ಊದಿಸಿಕೊಳ್ಳಲಿ.

ಕಾರಣ ಇಷ್ಟೇ. ವಿಮಾನ ಇಳಿಯುವುದು ಪೋರ್ಟ್ ಬ್ಲೇರಿನಲ್ಲಿ. ಚೆಂದದ ಕಡಲತೀರಗಳು ಇರುವುದು ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ. ನಡುವೆ ಹಡಗಿನಲ್ಲೇ ಹೋಗಿ ಬರಬೇಕು. ಸಮುದ್ರ ಮುನಿಸಿಕೊಂಡರೆ ಹಡಗು ನಿಲ್ಲುತ್ತದೆ. ಹ್ಯಾವ್‌ಲಾಕಿನಿಂದ ಬೆಳಗ್ಗೆ ಹೊರಟು ಮಧ್ಯಾಹ್ನವೇ ಬೆಂಗಳೂರಿನ ವಿಮಾನ ಹತ್ತುತ್ತೇವೆ ಅಂತ ಟಿಕೆಟ್ ಮಾಡಿಸಿದವರು ಆ ದಿನ ಜೆಟ್ಟಿಯಲ್ಲಿ ಕೂತು ಆಕಾಶ ನೋಡಬೇಕಾಗುತ್ತದೆ. ಹಾಗಾಗಿ ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಕಳೆಯಿರಿ. ಹಡಗು ಸರಿಯಾಗಿ ಬಂತು, ದಿನ ಪೂರ್ತಿ ಉಳಿಯಿತು ಅನ್ನಿ, ಸೆಲ್ಯುಲರ್ ಜೈಲು ಅಲ್ಲೇ ಇದೆಯಲ್ಲ. 1906ರಲ್ಲಿ ಕಟ್ಟಿ ಮುಗಿಸಿದ ಆ ಜೈಲಿನ ಏಳು ಸಾಲುಗಳಲ್ಲಿ ಈಗ ಮೂರೇ ಉಳಿದಿವೆ. ಅವಸರದಲ್ಲಿ ನೋಡುವ ಜಾಗ ಅಲ್ಲ ಅದು.

ಟಿಕೆಟ್ ಮಾಡಿಸುವಾಗ ಹೆಸರುಗಳ ಕಡೆ ಗಮನ ಇರಲಿ. 2024ರಿಂದ ಪೋರ್ಟ್ ಬ್ಲೇರಿನ ಹೆಸರು ಶ್ರೀ ವಿಜಯಪುರಂ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ್, ನೀಲ್ ಈಗ ಶಹೀದ್ ದ್ವೀಪ್. ಒಂದು ಕಡೆ ಹೊಸ ಹೆಸರು, ಇನ್ನೊಂದು ಕಡೆ ಹಳೆಯದು ಇರುತ್ತದೆ. ಬೇರೆ ಯಾವುದೋ ಊರು ಅಂದುಕೊಂಡು ಗಾಬರಿಯಾಗಬೇಡಿ.

ಕಾಲದ ವಿಷಯಕ್ಕೆ ಬರೋಣ. ಜೂನ್, ಜುಲೈನಲ್ಲಿ ಹೋಟೆಲು ಅಗ್ಗವಾಗಿ ಸಿಗುತ್ತದೆ ಅಂತ ಹೋಗುವವರಿದ್ದಾರೆ. ಸುಮ್ನೆ ಅಗ್ಗ ಆಗುತ್ತದಾ? ಅದು ದಟ್ಟ ಮಳೆಕಾಡಿನ ನಾಡು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅಂದರೆ ಬೆಂಗಳೂರಿನ ಮೂರು ಪಟ್ಟು. ಮೇ ತಿಂಗಳಲ್ಲಿ ಹಿಡಿದ ಮುಂಗಾರು ಬಿಡುವಷ್ಟರಲ್ಲಿ ಹಿಂಗಾರು ಶುರುವಾಗುತ್ತದೆ. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ ಬನ್ನಿ.

ಇನ್ನೊಂದು ಮಾತು. ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ದ್ವೀಪಗಳು ಅಷ್ಟು ಪೂರ್ವಕ್ಕಿರುವುದರಿಂದ ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲು ಬೆಳಗಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ 5ಕ್ಕೆಲ್ಲ ಹೊತ್ತು ಮುಳುಗುತ್ತದೆ. ಎಂಟಕ್ಕೆ ಎದ್ದು, ಒಂಬತ್ತಕ್ಕೆ ತಿಂಡಿ ತಿಂದು, ಹತ್ತಕ್ಕೆ ಹೊರಡುತ್ತೇವೆ ಅಂದರೆ ಅರ್ಧ ದಿನ ಹೋದಂತೆಯೇ. ರಾತ್ರಿ ಬೇಗ ಮಲಗಿ, ಐದಕ್ಕೆ ಏಳಿ.

ಈಗ ಬಟ್ಟೆಬರೆ. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಿಲ್ಲ, ಆಷಾಢದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಮನೆಗಳು ನಮ್ಮವು. ಬಯಲುಸೀಮೆಯವರಿಗೆ ಹೇಳುತ್ತೇನೆ. ಆ ಗಾಳಿಯಲ್ಲಿ ಬಿಸಿಲಿದ್ದರೂ ಬಟ್ಟೆ ಬೇಗ ಆರುವುದಿಲ್ಲ. ಜೀನ್ಸ್ ಪ್ಯಾಂಟು ಮನೆಯಲ್ಲೇ ಬಿಟ್ಟು ಹೋಗಿ. ಒಮ್ಮೆ ಒದ್ದೆಯಾದರೆ ಅದು ಊರಿಗೆ ಬರುವವರೆಗೂ ಒದ್ದೆಯೇ, ಮೇಲೆ ಮುಗ್ಗಲು ವಾಸನೆ. ತೆಳು ಬಟ್ಟೆ, ಸಡಿಲ ಪೈಜಾಮ, ತುಂಬು ತೋಳಿನ ಅಂಗಿ ಸಾಕು. ದಪ್ಪ ಟರ್ಕಿ ಟವೆಲ್ ಬದಲು ತಲಾ ಎರಡು ಪಾಣಿಪಂಚೆ ಇಟ್ಟುಕೊಳ್ಳಿ. ಹಿಂಡಿ ಫ್ಯಾನಿನ ಕೆಳಗೆ ಹರವಿದರೆ ರಾತ್ರಿ ಕಳೆಯುವಷ್ಟರಲ್ಲಿ ಒಣಗಿರುತ್ತದೆ.

ಒಬ್ಬೊಬ್ಬರ ಒಂದು ದಿನದ ಬಟ್ಟೆಯನ್ನು ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಕಟ್ಟಿ. ಚೀಲ ಒದ್ದೆಯಾದರೂ ಒಳಗಿನ ಬಟ್ಟೆ ಒಣಗಿರುತ್ತದೆ, ಬೆಳಗ್ಗೆ ಹುಡುಕಾಟವೂ ಇಲ್ಲ. ಖಾಲಿಯಾದ ಚೀಲಕ್ಕೆ ಒದ್ದೆ ಬಟ್ಟೆ ಹಾಕಿ. ಚೀಲಗಳನ್ನು ಅಲ್ಲಿ ಬಿಸಾಡಬೇಡಿ, ತಿರುಗಿ ಮನೆಗೆ ತನ್ನಿ. ಹೊಸ ಪಾತ್ರೆ, ಔಷಧದ ಡಬ್ಬಿಗಳಲ್ಲಿ ಬರುವ ಪುಟ್ಟ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟಿದ್ದರೆ ಔಷಧ, ಕ್ಯಾಮೆರಾ ಇಡುವ ಡಬ್ಬಿಗೆ ಹಾಕಿ. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ತಿಂಡಿಯ ಡಬ್ಬಿ ಇಲ್ಲದೆ ನಮ್ಮ ಪ್ರವಾಸ ಮುಗಿಯುವುದಿಲ್ಲ, ಅಲ್ವಾ? ಪೋರ್ಟ್ ಬ್ಲೇರಿನಲ್ಲಿ ತಮಿಳರು, ಬಂಗಾಳಿಗಳು ತುಂಬಾ ಇದ್ದಾರೆ. ಇಡ್ಲಿ, ದೋಸೆ, ಅನ್ನ ಸಾರಿಗೆ ತೊಂದರೆಯಿಲ್ಲ. ಕಷ್ಟ ಇರುವುದು ಬೆಳಗಿನ ಜಾವ ಹಡಗಿಗೆ ಹೊರಡುವಾಗ. ಅದಕ್ಕೆ ಹುರಿದ ಅವಲಕ್ಕಿ, ಕೋಡುಬಳೆ, ಮೆಂತ್ಯದ ಚಪಾತಿ ಇರಲಿ. ಚಪಾತಿ ಮೊದಲ ದಿನವೇ ಖರ್ಚಾಗಬೇಕು. ಅವಲಕ್ಕಿಯನ್ನು ಒಂದೇ ದೊಡ್ಡ ಡಬ್ಬಿಗೆ ತುಂಬಬೇಡಿ. ಮುಚ್ಚಳ ತೆಗೆದು ಹಾಕುವಷ್ಟರಲ್ಲೇ ಮೆತ್ತಗಾಗಿಬಿಡುತ್ತದೆ. ಒಂದು ಹೊತ್ತಿಗೆ ಆಗುವಷ್ಟನ್ನು ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ. ಚಟ್ನಿಪುಡಿಗೆ ಕೊಬ್ಬರಿ ಹಾಕಬೇಡಿ, ಆ ಸೆಕೆಗೆ ಕನರು ವಾಸನೆ ಬರುತ್ತದೆ. ಹುರಿಗಡಲೆಯದೋ ಅಗಸೆಯದೋ ಮಾಡಿಕೊಳ್ಳಿ. ಇಡೀ ಒಣಕೊಬ್ಬರಿಯನ್ನಂತೂ ವಿಮಾನಕ್ಕೆ ತರಲೇಬೇಡಿ. ಅದರ ಎಣ್ಣೆಗೆ ಬೇಗ ಬೆಂಕಿ ಹತ್ತುತ್ತದೆ ಅಂತ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಉಪ್ಪಿನಕಾಯಿಯೂ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಹಡಗಿನಲ್ಲಿ ವಾಂತಿ ಬರುವವರು ಹೊಟ್ಟೆ ಖಾಲಿ ಬಿಟ್ಟರೂ ಕಷ್ಟ, ತುಂಬ ತಿಂದರೂ ಕಷ್ಟ. ಎರಡು ಇಡ್ಲಿ ಸಾಕು, ಎಣ್ಣೆಯ ತಿಂಡಿ ಬೇಡ. ಹಡಗಿನ ನಡುಭಾಗದ ಸೀಟು ಕೇಳಿ, ಅಲ್ಲಿ ತೂಗಾಟ ಕಡಿಮೆ. ಮೊಬೈಲ್ ನೋಡದೆ ದೂರದ ಬಾನಂಚನ್ನು ನೋಡುತ್ತಾ ಕೂರಬೇಕು. ಶುಂಠಿ ಚೂರನ್ನು ಉಪ್ಪು ಹಾಕಿ ಒಣಗಿಸಿಟ್ಟುಕೊಂಡರೆ ಬಾಯಲ್ಲಿಟ್ಟುಕೊಳ್ಳಬಹುದು. ಮಾತ್ರೆ ಬೇಕು ಅನ್ನುವವರು ನಿಮ್ಮ ವೈದ್ಯರನ್ನು ಕೇಳಿ ತನ್ನಿ, ಅದನ್ನು ಹತ್ತುವ ಮೊದಲೇ ನುಂಗಬೇಕು. ತಲೆ ತಿರುಗಿದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ.

ಕಾಡು ನೋಡಬೇಕು ಅಂದ ತಕ್ಷಣ ಎಲ್ಲರೂ ಬಾರಾಟಾಂಗ್ ಅನ್ನುತ್ತಾರೆ. ಸುಣ್ಣಕಲ್ಲಿನ ಗುಹೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿ, ಚೆನ್ನಾಗಿಯೇ ಇದೆ. ಆದರೆ ನಸುಕಿಗೂ ಮೊದಲೇ ಹೊರಟು ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲಬೇಕು. ಅಲ್ಲಿಂದ ಗಾಡಿಗಳನ್ನು ಗುಂಪಾಗಿ ಬಿಡುತ್ತಾರೆ. ದಾರಿ ಹೋಗುವುದು ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನ ಮಧ್ಯೆ. ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಬಿಸ್ಕತ್ತು ಕೊಡುವಂತಿಲ್ಲ. ಎಲ್ಲದಕ್ಕೂ ಕಾನೂನಿದೆ. ಅವರ ಮನೆಯಂಗಳದಲ್ಲಿ ಹಾದುಹೋಗುವವರು ನಾವು, ಕುತೂಹಲ ಇದ್ದರೆ ಒಳಗೇ ಇಟ್ಟುಕೊಳ್ಳಿ. ಮನೆಯಲ್ಲಿ ಮಂಡಿನೋವಿನವರೋ ಪುಟ್ಟ ಮಕ್ಕಳೋ ಇದ್ದರೆ ಬಾರಾಟಾಂಗ್ ಬಿಟ್ಟುಬಿಡಿ ಅನ್ನುವುದು ನನ್ನ ಲೆಕ್ಕ. ಪೋರ್ಟ್ ಬ್ಲೇರಿಗೆ ಹತ್ತಿರವೇ ಚಿಡಿಯಾ ಟಾಪು ಇದೆ. ಮೌಂಟ್ ಹ್ಯಾರಿಯೆಟ್ ಇದೆ, ಈಗ ಅದಕ್ಕೆ ಮೌಂಟ್ ಮಣಿಪುರ ಅನ್ನುತ್ತಾರೆ. ಹಳೆಯ 20 ರೂಪಾಯಿ ನೋಟಿನ ಹಿಂದೆ ಇರುವ ತೆಂಗಿನಮರ, ಸಮುದ್ರದ ಚಿತ್ರ ಆ ಗುಡ್ಡದಿಂದ ಕಾಣುವ ನೋಟವೇ. ಮನೆಯಲ್ಲಿ ಒಂದು ನೋಟು ಉಳಿದಿದ್ದರೆ ತೆಗೆದುಕೊಂಡು ಹೋಗಿ, ಮಕ್ಕಳು ಹೋಲಿಸಿ ನೋಡಲಿ.

ಮಳೆ ಬಿದ್ದ ಕಾಡಿನಲ್ಲಿ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇರುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಹೊಗೆಸೊಪ್ಪು ನೆನೆಸಿದ ನೀರಲ್ಲಿ ಕಾಲುಚೀಲ ಅದ್ದಿ ಒಣಗಿಸಿಟ್ಟುಕೊಳ್ಳುವುದು ನಮ್ಮೂರ ತೋಟದವರ ಪದ್ಧತಿ. ಹತ್ತಿಕೊಂಡರೆ ಎಳೆದು ಕೀಳಬೇಡಿ, ಬಾಯಿ ಇರುವ ಕಡೆಯಿಂದ ಉಗುರು ಹಾಕಿ ಮೆಲ್ಲಗೆ ಜಾರಿಸಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಕಡಲತೀರದಲ್ಲಿ ಕಾಟ ಕೊಡುವುದು ಮರಳಿನ ನೊಣ. ಕಣ್ಣಿಗೆ ಕಾಣುವುದಿಲ್ಲ, ತುರಿಕೆ ವಾರಗಟ್ಟಲೆ. ಮರಳಿನ ಮೇಲೆ ಬರಿಮೈಯಲ್ಲಿ ಮಲಗಬೇಡಿ, ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿಕೊಳ್ಳಿ.

ನೀರಿಗೆ ಇಳಿಯುವ ಮುಂಚೆ ಅಲ್ಲಿನ ಬೋರ್ಡು ಓದಿ. ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇದೆ. ಹೊಳೆ ಸಮುದ್ರ ಸೇರುವ ಕಡೆ, ಕಾಂಡ್ಲಾ ಗಿಡಗಳ ಹತ್ತಿರ ಕಾಲಿಡಬೇಡಿ. ಹ್ಯಾವ್‌ಲಾಕಿನ ರಾಧಾನಗರದಂತಹ ತೀರದಲ್ಲೂ ಕಾವಲಿನವರು ತೋರಿಸಿದ ಜಾಗದಲ್ಲೇ ಆಡಿ. ಹವಳದ ಕಲ್ಲು ಚಾಕುವಿನ ಹಾಗೆ ಕುಯ್ಯುತ್ತದೆ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಬೇಕು. ನೀಲ್ ದ್ವೀಪದಲ್ಲಿ ತಾನಾಗೇ ಆದ ಕಲ್ಲಿನ ಸೇತುವೆಗೆ ನೀರು ಇಳಿದಾಗ ಮಾತ್ರ ಹೋಗಬಹುದು, ಹೋಟೆಲಿನವರ ಹತ್ತಿರ ಇಳಿತದ ಹೊತ್ತು ಕೇಳಿಕೊಳ್ಳಿ. ಸ್ಕೂಬಾ ಮಾಡುವ ಹುಡುಗರು ಅದನ್ನು ಮೊದಲ ದಿನಗಳಲ್ಲೇ ಮುಗಿಸಲಿ. ನೀರಿನಾಳಕ್ಕೆ ಹೋದ ಮೇಲೆ ಒಂದು ದಿನ ವಿಮಾನ ಹತ್ತಬಾರದು. ನನ್ನಂಥವರಿಗೆ ಗಾಜಿನ ತಳದ ದೋಣಿ ಸಾಕು, ಕೂತಲ್ಲೇ ಮೀನು ಕಾಣುತ್ತದೆ.

ನೋಟಿನ ಹಣ ಸ್ವಲ್ಪ ಜಾಸ್ತಿ ಇರಲಿ. ಪುಟ್ಟ ದ್ವೀಪಗಳಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಫೋನಿನ ಹಣ ನಡೆಯುವುದಿಲ್ಲ.

ತೀರದಲ್ಲಿ ಬಿದ್ದಿರುವ ಚಿಪ್ಪು, ಹವಳದ ಚೂರು ಆರಿಸಿಕೊಂಡು ಬರಬೇಡಿ. ಹವಳ ವನ್ಯಜೀವಿ ಕಾನೂನಿನಡಿ ಬರುತ್ತದೆ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಹೊರಡುವ ಹಿಂದಿನ ರಾತ್ರಿ ಮಕ್ಕಳ ಚಡ್ಡಿ ಜೇಬು, ಆಟದ ಚೀಲ ಎಲ್ಲಾ ತಡಕಿ ನೋಡಿ. ನೆನಪಿಗೆ ಏನಾದರೂ ಬೇಕಾದರೆ ಸರ್ಕಾರದ ಸಾಗರಿಕಾ ಮಳಿಗೆಯಲ್ಲಿ ಕೊಂಡು ಬಿಲ್ಲು ಜೋಪಾನವಾಗಿ ಇಟ್ಟುಕೊಳ್ಳಿ. ಮನೆಗೆ ಬಂದ ದಿನವೇ ಚಪ್ಪಲಿ, ಬಟ್ಟೆ, ಚೀಲದ ಜಿಪ್ಪು ಎಲ್ಲವನ್ನೂ ಸೋಪು ಹಾಕುವ ಮೊದಲು ಬರೀ ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ. ಉಪ್ಪು ಉಳಿದರೆ ಜಿಪ್ಪು ತುಕ್ಕು ಹಿಡಿಯುತ್ತದೆ, ಮುಂದಿನ ಪ್ರವಾಸದ ಹೊತ್ತಿಗೆ ತೆರೆಯುವುದೇ ಇಲ್ಲ.