ಬಿಸಿನೆಸ್ ಕೋಚಿಂಗ್ ಶುರು ಮಾಡುತ್ತೀರಾ? ಮೊದಲು ಲೆಕ್ಕದ ನೋಟ್‌ಬುಕ್ ಕೇಳಿ

ವ್ಯಾಪಾರದವರ ಜೊತೆ ಕೂತು ಅವರ ವ್ಯಾಪಾರ ಸುಧಾರಿಸಲು ನೆರವಾಗುವುದೇ ಬಿಸಿನೆಸ್ ಕೋಚಿಂಗ್. ಇದಕ್ಕೆ ಇಳಿಯುವವರು ಮೊದಲು ಲೋಗೊ, ವಿಸಿಟಿಂಗ್ ಕಾರ್ಡ್ ಎಂದು ಓಡಾಡುತ್ತಾರೆ. ಅದು ಆಮೇಲಿನ ಮಾತು. ಯಾವ ವ್ಯಾಪಾರದವರ ಜೊತೆ ಕೆಲಸ ಮಾಡುತ್ತೀರಿ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮೈಸೂರಿನ ಅಗರಬತ್ತಿ ತಯಾರಕರೋ, ಸೀರೆ ಅಂಗಡಿಯವರೋ, ಮಂಡ್ಯ ಕಡೆಯ ಆಲೆಮನೆಯವರೋ, ಯಾರಾದರೂ ಸರಿ, ಒಂದನ್ನು ಹಿಡಿಯಿರಿ. ಆಲೆಮನೆಯ ಕಷ್ಟ ಬಲ್ಲವರ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ.

ಮೊದಲ ಭೇಟಿ ಅವರ ಜಾಗದಲ್ಲೇ ಆಗಲಿ. ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಗೆ ಹೋದಾಗ ಮಾಲೀಕರು, 'ಮಾರ್ಕೆಟಿಂಗ್ ಹೇಳ್ಕೊಡಿ ಸಾರ್' ಎಂದರು. ಕೊಪ್ಪರಿಗೆಯಿಂದ ಸ್ವಲ್ಪ ದೂರ ಕೂತು ಅವರ ನೋಟ್‌ಬುಕ್ ಕೇಳಿದೆ. ಕಬ್ಬಿನ ದುಡ್ಡು, ಆಳುಗಳ ಕೂಲಿ, ಕರೆಂಟು ಬಿಲ್ಲು ಎಲ್ಲ ಬರೆದಿತ್ತು. ಬೆಳಗಿನಿಂದ ಅಚ್ಚಿಗೆ ಪಾಕ ಸುರಿಯುತ್ತಿದ್ದ ಹೆಂಡತಿಯ ಕೂಲಿ ಇರಲಿಲ್ಲ, ಮಾಲೀಕರದೂ ಇರಲಿಲ್ಲ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ. ಇಬ್ಬರ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಲು ಪೆನ್ನು ಅವರ ಕೈಗೇ ಕೊಟ್ಟೆ. ಕಿಲೋಗೆ ಉಳಿದದ್ದು ಎರಡು ರೂಪಾಯಿಗೂ ಕಡಿಮೆ. ತುಂಬಾ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ಮಂಡಿ ರೇಟಿಗೆ ಇದು ಗಿಟ್ಟಲ್ಲ' ಎಂದರು. ಆ ಮಾತು ಅವರ ಬಾಯಿಂದಲೇ ಬರುವವರೆಗೆ ಕಾಯುವುದೇ ಕೋಚ್‌ನ ಕೆಲಸ. ಅರ್ಧ ಕಿಲೋ ಪ್ಯಾಕೆಟ್ ಮಾಡಿ ನೇರ ಮಾರುವ ಯೋಚನೆಯೂ ಅವರದೇ.

ಮುಂದಿನದು ಒಪ್ಪಂದ. ಆರು ತಿಂಗಳು, ತಿಂಗಳಿಗೆ ಎರಡು ಭೇಟಿ, ಫೀಸು ಇಷ್ಟು, ಲೆಕ್ಕ ಬರೆಯುವುದು ಮತ್ತು ಸಾಲ ಕೊಡಿಸುವುದು ನಮ್ಮ ಕೆಲಸವಲ್ಲ ಎಂದು ಒಂದೇ ಪುಟದಲ್ಲಿ ಬರೆದು ಸಹಿ ಹಾಕಿಸಿ. ಇಷ್ಟು ಲಾಭ ಬರುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ನಿಮ್ಮ ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ಏಜೆಂಟರಿಗೆ ದುಡ್ಡು ಸುರಿಯಬೇಡಿ.

ನಿಮ್ಮ ಗ್ರಾಹಕರಾದ ವ್ಯಾಪಾರದವರಿಗೆ ನೆರವಾಗುವ ಕಾನೂನೂ ತಿಳಿದಿರಲಿ. ಸಣ್ಣ ತಯಾರಕರಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ. ತಡವಾದರೆ ಬಡ್ಡಿ ಕೇಳುವ ಹಕ್ಕಿದೆ. ಬಾಕಿ ವಸೂಲಿಗೆ ಅಲೆದು ಸುಸ್ತಾದವರಿಗೆ ಇದೊಂದು ಮಾಹಿತಿಯೇ ದೊಡ್ಡ ಆಸರೆ. ಬೆಲ್ಲ ಬೇಗ ಕೆಡುತ್ತಿದೆ ಎಂದರೆ ಮೈಸೂರಿನಲ್ಲೇ ಇರುವ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡೆಗೆ ಕಳಿಸಿ. ಗೊತ್ತಿಲ್ಲದ್ದಕ್ಕೆ ಉತ್ತರ ಕೊಡಲು ಹೋಗಬೇಡಿ.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಒಂದೇ ಬೀದಿಯ ಎರಡು ಸೀರೆ ಅಂಗಡಿಗಳನ್ನು ಒಪ್ಪಿಕೊಂಡೆ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಿರಲಿಲ್ಲ, ಆದರೂ ವಿಷಯ ತಿಳಿದ ದಿನ ಇಬ್ಬರೂ ಬಿಟ್ಟು ಹೋದರು. ಅವರ ಅನುಮಾನದಲ್ಲಿ ನ್ಯಾಯವಿತ್ತು. ಈಗ ಎದುರಾಳಿಗಳಿಬ್ಬರನ್ನು ಒಪ್ಪಿಕೊಳ್ಳುವುದಿಲ್ಲ, ಒಂದೇ ಸಲಕ್ಕೆ ಎಂಟಕ್ಕಿಂತ ಹೆಚ್ಚು ಜನರನ್ನೂ ಇಟ್ಟುಕೊಳ್ಳುವುದಿಲ್ಲ.

ಆರು ತಿಂಗಳು ಮುಗಿದ ದಿನ ಮೊದಲ ದಿನದ ಲೆಕ್ಕದ ಪುಟವನ್ನೂ ಇವತ್ತಿನ ಪುಟವನ್ನೂ ಪಕ್ಕಪಕ್ಕ ಇಟ್ಟು ಇಬ್ಬರೂ ಕೂತು ಓದಿ. ಹೊಸ ಗ್ರಾಹಕರ ಪರಿಚಯ ಕೇಳುವುದಿದ್ದರೆ ಆಗ ಕೇಳಿ. ಆಲೆಮನೆಯವರು ಎರಡೂ ಪುಟ ನೋಡಿ ಮುಗಿಸಿ, ನಾನು ಕೇಳುವ ಮೊದಲೇ ತಮ್ಮ ಭಾಮೈದನಿಗೆ ಫೋನ್ ಹಚ್ಚಿದರು.